ಹನ್ನೊಂದು ಗಂಟೆಗೊಮ್ಮೆ ತಿರುಗುವ ಕಲ್ಲು

ಸಮ್ಮೇಳನ ಭವನ, ನೆಲಮಾಳಿಗೆ
ಗುರುವಾರ, ೧೪ನೇ ತಾರೀಖು, ಮಧ್ಯಾಹ್ನ ಎರಡೂ ಕಾಲು

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಸೊಂಟನೋವು ಕಡಿಮೆಯಾಯಿತೇ, ಅಥವಾ ಈಗಲೂ ಬೆಳಿಗ್ಗೆಯಿಂದ ಸಂಜೆವರೆಗೆ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುತ್ತಾ ನಿಂತೇ ಇರುತ್ತೀಯಾ? ಕೂತು ಕೆಲಸ ಮಾಡು ಎಂದು ಅತ್ತಿಗೆ ಹೇಳಿದರೇ ಕೇಳುವವನಲ್ಲ ನೀನು, ಇನ್ನು ನನ್ನ ಮಾತು ಯಾವ ಲೆಕ್ಕ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದೆ. ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ. ಬಾಯಾರಿಕೆಯೇನೂ ಇರಲಿಲ್ಲ.

ಇಲ್ಲಿ ಗ್ರಹಗಳ ಮೇಲೆ ಕೆಲಸ ಮಾಡುವವರಿಗೆ ಮೇಲಿನ ದೊಡ್ಡ ಸಭಾಂಗಣ, ಮೆತ್ತನೆಯ ಆಸನ, ಹೊಗೆಯಾಡುವ ಕಾಫಿ. ಕ್ಷುದ್ರಗ್ರಹದವರಾದ ನಮಗೆ ನೆಲಮಾಳಿಗೆ. ಕಾಫಿ ಮೆಟ್ಟಿಲಿಳಿದು ಬರುವಷ್ಟರಲ್ಲಿ ಆರಿಹೋಗಿರುತ್ತದೆ. ಇರಲಿ, ವಿಷಯಕ್ಕೆ ಬರುತ್ತೇನೆ. ಇವತ್ತು ಬೆಳಿಗ್ಗೆ ಒಬ್ಬ ಸಂಶೋಧಕಿ, ಇನ್ನೂ ಚಿಕ್ಕ ಹುಡುಗಿ, ನಮ್ಮ ಕಲ್ಲಿನ ಬಗ್ಗೆಯೇ ಮಾತಾಡಿದಳು. ಹನ್ನೆರಡು ವರ್ಷದ ಹಿಂದೆ ನೀನೂ ನಾನೂ ವೀಕ್ಷಣಾಲಯದ ಆ ತಗಡಿನ ಗುಮ್ಮಟದಲ್ಲಿ ಮೂರು ವಾರ ಬೆನ್ನು ಹತ್ತಿದ್ದೆವಲ್ಲ, ಅದೇ ಕ್ಷುದ್ರಗ್ರಹ. ದೊಡ್ಡ ದೂರದರ್ಶಕದಲ್ಲಿ ತೆಗೆದ ಚಿತ್ರ ತೋರಿಸಿದಳು. ದಿಂಬಿನ ಹಾಗೆ ಉದ್ದಕ್ಕಿದೆ, ಒಂದು ಬದಿ ಕೊಂಚ ಕುಗ್ಗಿದೆ. ಒಂದು ಸುತ್ತು ತಿರುಗಲು ಹನ್ನೊಂದು ಗಂಟೆ ಬೇಕು ಅಂದಳು. ಆಗ ನಮ್ಮ ಪ್ರಬಂಧದಲ್ಲಿ ಅಚ್ಚು ಹಾಕಿಸಿದ್ದು ಐದೂವರೆ ಗಂಟೆ. ದಿಂಬು ಒಂದು ಸುತ್ತು ತಿರುಗುವಾಗ ಅದರ ಅಗಲದ ಮೈ ಎರಡು ಸಲ ಕಾಣುತ್ತದೆ, ಬೆಳಕೂ ಎರಡು ಸಲ ಏರುತ್ತದೆ, ಎರಡೂ ಏರಿಕೆ ಒಂದೇ ಎಂದುಕೊಂಡರೆ ಅರ್ಧ ಸುತ್ತನ್ನೇ ಇಡೀ ಸುತ್ತು ಎಂದು ನಂಬಿ ಕೆಡುತ್ತೇವೆ ಎಂದು ನೀನು ಆಗ ಬಡಕೊಂಡೆ. ಒಂದು ಏರಿಕೆ ಇನ್ನೊಂದಕ್ಕಿಂತ ಗಿಡ್ಡ, ನನ್ನ ಎರಡು ರಾತ್ರಿಯ ಅಳತೆ ನೋಡಿ ಎಂದೂ ನೀನು ಅಂದೆ. ನೀನು ಹೇಳಿದ್ದೇ ಸರಿ ಅಣ್ಣಾ. ಇದನ್ನು ಬರೆಯುವಾಗ ನನಗೆ ಸಂತೋಷವಾಗಬೇಕಿತ್ತು.

ಆದರೆ ಆ ಎರಡು ರಾತ್ರಿಗಳ ಮುಂದೆ ದಾಖಲೆ ಪುಸ್ತಕದಲ್ಲಿ ‘ತೆಳು ಮೋಡ’ ಎಂದು ಷರಾ ಇತ್ತು. ನೀನು ಒಳಗೆ ಅಳೆಯುವವನು, ಹೊರಗೆ ನಿಂತು ಆಕಾಶ ನೋಡಿ ಷರಾ ಬರೆಯುವವಳು ನಾನು. ಮೋಡದಲ್ಲಿ ಅಳೆದದ್ದು ಯಾವ ಪ್ರಯೋಜನಕ್ಕೂ ಬರುವುದಿಲ್ಲ ಎಂದು ವಿಭಾಗದ ಮುಖ್ಯಸ್ಥರು ಅಷ್ಟನ್ನೂ ಹೊಡೆದು ಹಾಕಿದರು. ಮೋಡ ಯಾವುದು, ಕಲ್ಲು ಯಾವುದು ಎಂದು ತಿಳಿಯದ ಕಣ್ಣು ಎಂದು ಎಲ್ಲರೆದುರು ನಿನ್ನನ್ನು ಆಡಿಕೊಂಡರು. ನೀನು ಜಗಳವಾಡಲಿಲ್ಲ. ಗುಮ್ಮಟದ ಬೀಗದ ಕೈ ಮೇಜಿನ ಮೇಲಿಟ್ಟು, ನನಗೊಬ್ಬಳಿಗೆ ಕೇಳುವ ಹಾಗೆ “ನನ್ನ ಕಣ್ಣೇ ಸರಿ ಇಲ್ಲ ಅನ್ಸುತ್ತೆ ಕಣೇ” ಅಂದು ಹೊರಟುಬಿಟ್ಟೆ. ಆಮೇಲೆ ನೀನು ಆಕಾಶದ ಕಡೆ ತಲೆಯೆತ್ತಿದ್ದೇ ಇಲ್ಲವಂತೆ. ಮಗಳು ಚಂದ್ರನನ್ನು ತೋರಿಸು ಎಂದು ಹಟ ಹಿಡಿದರೂ ಅಮ್ಮನನ್ನು ಕೇಳು ಅನ್ನುತ್ತೀಯಂತೆ. ಅತ್ತಿಗೆ ಇದನ್ನು ಹೇಳಿದ ದಿನ ನನಗೆ ಅನ್ನ ಸೇರಲಿಲ್ಲ.

ಮೂರು ಗಂಟೆಗೆ ಇದೇ ಕಲ್ಲಿನ ಬಗ್ಗೆ ನನ್ನ ಭಾಷಣ. ಐದೂವರೆಯನ್ನು ನಂಬಿ ಕಟ್ಟಿದ್ದೆಲ್ಲ ಬೆಳಿಗ್ಗೆಯೇ ಕುಸಿದುಬಿತ್ತು, ಅದು ಹೋಗಲಿ. ಊಟದ ಸಾಲಿನಲ್ಲಿ ಆ ಹುಡುಗಿ ಹತ್ತಿರ ಬಂದು ಬಹಳ ವಿನಯದಿಂದ ಕೇಳಿದಳು: “ಮೇಡಂ, ನಿಮ್ಮ ಪಟ್ಟಿಯಲ್ಲಿ ಎರಡು ರಾತ್ರಿ ಬಿಟ್ಟುಹೋಗಿದೆಯಲ್ಲ, ಅವತ್ತು ಏನಾಗಿತ್ತು?” ಸಭೆಯಲ್ಲೇ ಹೇಳುತ್ತೇನೆ ಎಂದು ಜಾರಿಕೊಂಡೆ. ಮೋಡ ಎಂದರೆ ಸಾಕು, ನಮ್ಮ ಮಂದಿ ಎರಡನೇ ಪ್ರಶ್ನೆ ಕೇಳುವುದಿಲ್ಲ. ಮುಂದಿನ ವರ್ಷ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಗುತ್ತದೆ, ನನ್ನ ಹೆಸರೂ ಕೇಳಿಬರುತ್ತಿದೆ. ಬಾಗಿಲ ಹತ್ತಿರ ಯಾರೋ ನನ್ನನ್ನು ಹುಡುಕುತ್ತಿದ್ದಾರೆ, ಏಳುತ್ತೇನೆ.

ಅತ್ತಿಗೆಗೆ ನಮಸ್ಕಾರ ತಿಳಿಸು. ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು.

ಇಂತಿ,
ನಿನ್ನ ಬೆನ್ನಿಗಂಟಿಕೊಂಡೇ ಬೆಳೆದ ತಂಗಿ

ಮರೆತ ಮಾತು: ಈಗ ನಾಲ್ಕೂ ಹತ್ತು. ಲಕೋಟೆ ಅಂಟಿಸಿರಲಿಲ್ಲ. ಮರೆತೆ ಅನ್ನುವುದೂ ಸುಳ್ಳೇ. ಆ ಹುಡುಗಿ ಸಭೆಯಲ್ಲಿ ಎದ್ದು ಮತ್ತೆ ಕೇಳಿದಳು. ಅಣ್ಣಾ, ಆ ಎರಡು ರಾತ್ರಿ ಮೋಡವೇ ಇರಲಿಲ್ಲ, ಆಕಾಶ ತೊಳೆದಿಟ್ಟ ಹಾಗಿತ್ತು. ನಿನ್ನ ಅಳತೆಯ ಚುಕ್ಕೆಗಳು ನಕ್ಷೆಯಲ್ಲಿ ನಾನು ಎಳೆದ ಚಂದದ ಗೆರೆಯ ಮೇಲೆ ಕೂರುತ್ತಿರಲಿಲ್ಲ, ಪ್ರಬಂಧ ಕಳಿಸಲು ಎರಡೇ ದಿನ ಉಳಿದಿತ್ತು, ನೀನು ಊಟಕ್ಕೆ ಹೋದಾಗ ಆ ಷರಾ ಬರೆದೆ. ಇವತ್ತು ಎಲ್ಲರೆದುರು ಇಷ್ಟನ್ನೂ ಹೇಳಿದೆ, ನಿನ್ನ ಹೆಸರು ಹಿಡಿದು ಹೇಳಿದೆ. ಅಧ್ಯಕ್ಷರು ಗಡಿಯಾರ ನೋಡಿಕೊಂಡು ಮುಂದಿನವರನ್ನು ಕರೆದರು. ಆ ಹುದ್ದೆಯ ಮಾತು ಅಲ್ಲಿಗೇ ಮುಗಿಯಿತು. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಉತ್ತರ ಬರೆಯದಿದ್ದರೂ ಬೇಡ, ಈ ಪತ್ರ ಕೈಸೇರಿದ ದಿನ ಸಂಜೆ ಪುಟ್ಟಿಯನ್ನು ಹೊರಗೆ ಕರೆದುಕೊಂಡು ಹೋಗು. ನಿನ್ನ ಕಣ್ಣಿಗೆ ಏನೂ ಆಗಿಲ್ಲ.