ಜಾಗಟೆ ಸಾಲಿನ ಮುಂದೆ ಸಿಯಾ

ನಾರ್ತ್‌ವಿಲ್, ಭಾನುವಾರ

ಮಾಮಾ, ನಮಸ್ಕಾರ.

ಕೈ ಇನ್ನೂ ಜುಮ್ಮೆನ್ನುತ್ತಿದೆ. ಅಕ್ಕನ ಮಗಳು ಸಿಯಾ ಇಲ್ಲೇ ಹತ್ತಿರದ ಊರು ವಿಕ್ಸಮ್‌ನಲ್ಲಿ ಫಿಲಿಪೀನ್ಸಿನ ಜನಪದ ವಾದ್ಯ ಕುಲಿಂತಾಂಗ್ ಕಲಿಯುತ್ತಿದ್ದಾಳೆ. ಬೋರಲು ಹಾಕಿದ ಬೋಗುಣಿಗಳಂತೆ ಎಂಟು ಕಂಚಿನ ಜಾಗಟೆಗಳು ಸಾಲಾಗಿರುತ್ತವೆ, ಎರಡು ಕೋಲಿನಿಂದ ನುಡಿಸುವುದು. ಕಲಿಸುವವರು ಲಿಗಾಯಾ ಆಂಟಿ, ವಾರವೆಲ್ಲ ಆಸ್ಪತ್ರೆಯಲ್ಲಿ ನರ್ಸ್. ಮಕ್ಕಳಿಗೆ ಬರೆದುಕೊಳ್ಳಲು ಬಿಡುವುದಿಲ್ಲ, ಕೇಳಿಯೇ ಕಲಿಯಬೇಕು. ಒಂದು ಮಟ್ಟನ್ನು ಮೂರು ವಾರದಿಂದ ತಪ್ಪಾಗಿ ನುಡಿಸುತ್ತಿದ್ದ ಸಿಯಾ ನಿನ್ನೆ ಅಂಗೈಯಲ್ಲಿ ಜಾಗಟೆಗಳ ಅಂಕಿ ಬರೆದುಕೊಂಡು ಬಂದು ಸಿಕ್ಕಿಬಿದ್ದಳು. ಆಂಟಿ ಬಯ್ಯಲಿಲ್ಲ. ಅವಳ ಹಿಂದೆ ಕೂತು ಮಟ್ಟನ್ನು ಬಾಯಲ್ಲಿ ಹಾಡುತ್ತಾ ಬೆನ್ನಿನ ಮೇಲೆ ಬೆರಳಿನಿಂದ ತಟ್ಟಿದರು, ನೀವು ನನಗೆ ತಬಲಾ ಬೋಲು ತಟ್ಟಿ ಕಲಿಸಿದ ಹಾಗೆಯೇ. ನಾಲ್ಕನೆಯ ಸಲ ಸಿಯಾ ಕಣ್ಣು ಮುಚ್ಚಿಕೊಂಡು ಪೂರ್ತಿ ನುಡಿಸಿದಳು.

ಜೊತೆಗೆ ಡೋಲು ಬಾರಿಸುವ ಹುಡುಗಿ ಬಂದಿರಲಿಲ್ಲ. ಆಂಟಿ ನನ್ನನ್ನು ಕರೆದು ಕೂರಿಸಿದರು. ನಾನು ಹುಮ್ಮಸ್ಸಿನಲ್ಲಿ ಲಯ ಏರಿಸಿಬಿಟ್ಟೆ. ಸಿಯಾ ಕೋಲು ಕೆಳಗಿಟ್ಟು, "ಚಿಕ್ಕಮ್ಮ, ಯು ಆರ್ ರಶಿಂಗ್. ನಾನು ನುಡಿಸೋದನ್ನ ಕೇಳು" ಎಂದಳು. ಅವಳು ಮತ್ತೆ ನುಡಿಸಿದಳು, ಕೇಳಿದೆ, ಲಯ ಕೂಡಿ ಬಂತು.

ಮುಂದಿನ ಶನಿವಾರ ಮಕ್ಕಳ ಕಾರ್ಯಕ್ರಮ, ಆ ಹುಡುಗಿ ಅದಕ್ಕೂ ಬರುವುದಿಲ್ಲವಂತೆ, ಡೋಲು ನನ್ನದೇ. ಇಲ್ಲಿ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್ ಚಳಿ, ನಮ್ಮ ಲೆಕ್ಕದಲ್ಲಿ ಮೈನಸ್ ಎಂಟು, ಆದರೂ ನನ್ನ ಕೆಮ್ಮು ಹೋಗಿದೆ. ಪ್ರಾಕ್ಟೀಸಿಗೆ ಹೊತ್ತಾಯಿತು, ಅಕ್ಕ ಕಾರಿನಲ್ಲಿ ಕಾಯುತ್ತಿದ್ದಾಳೆ.

ನಿಮ್ಮ ಐಶ್ವರ್ಯ