ನಾನೇ ಹಾಕಿದ ಗಂಟು

ಮಾರ್ಚ್ ೧೨, ಬುಧವಾರ.

ಇಡೀ ದಿನ ಆ ಗೋಡೆಯೇ ತಲೆಯಲ್ಲಿ. ಹನ್ನೊಂದು ವರ್ಷದ ಹಿಂದೆ ಭಾವ ಓಣಿಯನ್ನು ಒತ್ತಿ ಕಟ್ಟಿದ್ದು. ಯಾರೂ ಒಡೆಯದಂತೆ ಕೋರ್ಟಿನಿಂದ ತಡೆಯಾಜ್ಞೆ ತಂದ ವಕೀಲ ನಾನು. ಈಗ ಆ ಓಣಿಯ ವಾರ್ಡಿನಿಂದ ಗೆದ್ದ ಪುರಸಭೆ ಸದಸ್ಯನೂ ನಾನೇ. ಹೋದ ವಾರ ಆಂಬುಲೆನ್ಸ್ ಒಳಗೆ ಬರಲಾಗದೆ ಓಣಿಯ ದರ್ಜಿಯ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು.

ಬೆಳಿಗ್ಗೆ ದರ್ಜಿ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದ. "ನಿಮ್ಮ ಬಾಯಿ ನೋಡಿ ಓಟು ಹಾಕಿದ್ವಿ ಸ್ವಾಮಿ. ಅದು ನಮ್ಮ ಕಡೆಗೂ ಒಂದ್ಸಲ ತಿರುಗಲಿ."

ಸಂಜೆ ಭಾವ ನಕ್ಕರು. "ನೀನು ಹಾಕಿದ ಗಂಟು ಕಣಯ್ಯಾ. ನೀನೇ ಬಂದ್ರೂ ಬಿಚ್ಚಕ್ಕಾಗಲ್ಲ."

ಹಳೆಯ ಕಡತ ಓದಿದೆ. ನನ್ನದೇ ವಾದ, ನನಗೇ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿದೆ. ಆದರೆ ಓಣಿ ಹನ್ನೆರಡು ಅಡಿ ಎಂದು ತೋರಿಸುವ ನಕ್ಷೆ ಸರ್ವೆಯವನ ಬಳಿ ಇತ್ತು. ಅವನು ಸಾಕ್ಷಿಗೆ ಬರದ ಹಾಗೆ ನೋಡಿಕೊಂಡವನು ನಾನು. ಗಂಟಿನ ತುದಿ ಅಲ್ಲಿದೆ. ನಾಳೆ ಸಭೆಯಲ್ಲಿ ಅದನ್ನು ನಾನೇ ಎದ್ದು ಹೇಳುತ್ತೇನೆ, ಆಜ್ಞೆ ತೆರವಿಗೆ ಕೋರ್ಟಿಗೆ ಹೋಗುವ ನಿರ್ಣಯವನ್ನೂ ಮಂಡಿಸುತ್ತೇನೆ. ನಗುವವರು ನಗಲಿ.

ಅಕ್ಕ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಗಂಡನ ಪರವಾಗಿ ಅವಳು ಅಳುವುದಿಲ್ಲ. ಊಟ ಆಯ್ತೇನೋ ಎಂದು ಕೇಳುತ್ತಾಳೆ, ಅಷ್ಟೇ. ಅದಕ್ಕೆ ನನ್ನ ಬಳಿ ಯಾವ ವಾದವೂ ಇಲ್ಲ.