ಟೀವಿಯಲ್ಲಿ ನಮ್ಮ ಮನೆ

ಶನಿವಾರ, ಬೆಳಿಗ್ಗೆ

ನನ್ನ ಇನ್‌ಸ್ಪೆಕ್ಟರಮ್ಮನಿಗೆ ಅಮ್ಮನ ಪ್ರೀತಿಯ ನೆನಪುಗಳು.

ಈ ವಿಷಯ ಫೋನಿನಲ್ಲಿ ಮಾತಾಡಲು ಧೈರ್ಯ ಸಾಲದು, ಅದಕ್ಕೇ ಕಾಗದ. ನಿನ್ನೆಯ ಕಂತು ನೋಡಿದೆ. ಖಾಕಿ ನಿನಗೆ ಒಪ್ಪುತ್ತದೆ, ಭುಜದ ಹೊಲಿಗೆ ಮಾತ್ರ ಸಡಿಲ. ನನ್ನ ಕೈಗೆ ಕೊಟ್ಟಿದ್ದರೆ ಸರಿಮಾಡಿಕೊಡುತ್ತಿದ್ದೆ.

ನಮ್ಮ ಜನರ ಹುಡುಗಿ ಟೀವಿಯಲ್ಲಿ ಪೊಲೀಸ್ ಆದಳೆಂದು ಮೊದಮೊದಲು ಬೀದಿಯವರೆಲ್ಲ ನಮ್ಮ ಮನೆಯಲ್ಲೇ ಕೂತು ನೋಡುತ್ತಿದ್ದರು. ಎಲ್ಲ ಸಮುದಾಯದವರಿಗೂ ನಮ್ಮ ಧಾರಾವಾಹಿಯಲ್ಲಿ ಜಾಗವಿದೆ ಅಂತ ನಿಮ್ಮ ನಿರ್ಮಾಪಕರು ಪತ್ರಿಕೆಯಲ್ಲಿ ಹೇಳಿದ್ದನ್ನು ನಾನೇ ಅವರಿಗೆಲ್ಲ ಓದಿ ಹೇಳಿದ್ದೆ. ಚುನಾವಣೆ ಹತ್ತಿರ ಬಂದಂತೆ ಕಥೆಯಲ್ಲಿ ಕಳ್ಳರೂ ಕೊಲೆಗಾರರೂ ನಮ್ಮವರೇ ಆಗತೊಡಗಿದರು. ಹಿಡಿಯುವವಳೂ ನಮ್ಮವಳೇ ಆದಮೇಲೆ ತಕರಾರು ಮಾಡೋರು ಯಾರು ಅಂತ ಕೇಳಿ ಎದ್ದುಹೋದ ಎದುರುಮನೆ ಮೇಷ್ಟ್ರು ಮತ್ತೆ ಈ ಕಡೆ ತಲೆ ಹಾಕಿಲ್ಲ.

ಮಗಳೇ, ನಿನ್ನೆ ನೀನು ಕೋವಿಗಳನ್ನು ಹೊರತೆಗೆದ ಮನೆ ನಮ್ಮದೇ ಅಲ್ಲವೇ? ಸೆಟ್ಟು ಸಹಜವಾಗಿರಲಿ ಅಂತ ಫೋಟೋ ತೆಗೆದುಕೊಂಡು ಹೋಗಿದ್ದೆಯಲ್ಲ. ಹಸಿರು ಬಾಗಿಲು, ನನ್ನ ಹೊಲಿಗೆ ಮೆಷಿನ್ನು, ಎಲ್ಲ ಇದ್ದಹಾಗೇ ಇತ್ತು. ಕೋವಿ ಸಿಕ್ಕ ಅಡುಗೆಮನೆ ಗೋಡೆಯೊಳಗಿನ ಪೊಳ್ಳು ಜಾಗ ಮಾತ್ರ ನಿಮ್ಮವರು ಸೇರಿಸಿದ್ದು. ನೋಡುವವರಿಗೆ ಅದು ಹೇಗೆ ಗೊತ್ತಾಗಬೇಕು? ಕಂತು ಮುಗಿಯುವ ಮೊದಲೇ ಜನ ಹೊರಗೆ ನಿಂತು ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ನಿನ್ನ ತಮ್ಮ ಗ್ಯಾರೇಜಿನಿಂದ ಬಂದಾಗ ದಾರಿ ಬಿಟ್ಟರು, ಒಬ್ಬರೂ ಮಾತಾಡಿಸಲಿಲ್ಲ.

ಮುಂದಿನ ವಾರ ಆ ಮನೆಯ ಮಗನನ್ನು ನೀನು ಹಿಡಿಯುತ್ತೀಯಂತೆ, ಕೊನೆಯಲ್ಲಿ ತುಣುಕು ತೋರಿಸಿದರು. ಆ ಹುಡುಗನಿಗೆ ಮೆಕ್ಯಾನಿಕ್ ಬಟ್ಟೆ ಯಾಕೆ ಹಾಕಿಸಿದರು? ನಿರ್ಮಾಪಕರ ಕಾಲಿಗೆ ಬಿದ್ದಾದರೂ ಅದನ್ನು ಬದಲಾಯಿಸಲು ಹೇಳು. ಯಾರದೋ ಮಾತು ಕೇಳಿ ಕಥೆ ತಿದ್ದುವವರು ನಿನ್ನ ಒಂದು ಮಾತು ಕೇಳಲಾರರೇ? ತಮ್ಮ ಚೆನ್ನಾಗಿದ್ದಾನೆ. ಇವತ್ತು ಕೆಲಸಕ್ಕೆ ಹೋಗಬೇಡ ಅಂದಿದ್ದೇನೆ, ಅಷ್ಟೇ.

ಊಟ ನಿದ್ದೆ ಬಿಡಬೇಡ.

ನಿನ್ನ,
ಅಮ್ಮ

ತಾ.ಕ.: ಇದನ್ನು ಅಂಚೆಗೆ ಹಾಕುವ ಮೊದಲೇ ನಿಜವಾದ ಪೊಲೀಸರು ಬಂದರು. ಕಂತಿನಲ್ಲಿ ನೀನು ಒಡೆಸಿದ ಜಾಗದಲ್ಲೇ ಗೋಡೆ ಒಡೆದರು. ಇಟ್ಟಿಗೆ ಬಿಟ್ಟು ಏನೂ ಇರಲಿಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ನಮ್ಮಿಬ್ಬರನ್ನೂ ಹೊರಗೆ ಕೂರಿಸಿದರು. ಮತ್ತೆ ಒಳಗೆ ಕರೆದಾಗ ಕೋವಿಗಳಿದ್ದವು. ತಮ್ಮನನ್ನು ಕರೆದುಕೊಂಡು ಹೋಗಿದ್ದಾರೆ. ಕಂತು ಬದಲಾಯಿಸಲು ಇನ್ನು ಕೇಳಬೇಡ. ಅದರಲ್ಲಿ ಆ ಹುಡುಗ ಕೊನೆಗೆ ಬದುಕಿರುತ್ತಾನೋ ಇಲ್ಲವೋ, ಅಷ್ಟು ಮಾತ್ರ ತಿಳಿಸು.